ಅರ್ಧ ಟ್ಯೂಬಿನ ಮಳೆಗಾಲ

ಹೋದ ತಿಂಗಳು ಹಾವೇರಿಯಲ್ಲಿ ಹಿರೇಕೆರೂರಿನ ಬಸ್ಸು ಹತ್ತಿದ್ದೆ. ಪಕ್ಕದಲ್ಲಿ ಕುಳಿತ ಹೆಣ್ಣುಮಗಳ ತೊಡೆಯ ಮೇಲೆ ಬಟ್ಟೆ ಕಟ್ಟಿದ ಸ್ಟೀಲಿನ ಡಬ್ಬಿ. ಬಸ್ಸು ಕುಲುಕಿದಾಗಲೆಲ್ಲ ಅದರೊಳಗಿಂದ ಬೆಲ್ಲ, ಏಲಕ್ಕಿ, ಕಾಯ್ದ ಹಾಲು ಮೂರೂ ಸೇರಿದ ವಾಸನೆ ಹೊರಡುತ್ತಿತ್ತು. ಗಿಣ್ಣ ಎಂದು ಮೂಗಿಗೆ ಆಗಲೇ ತಿಳಿದಿತ್ತು.

"ಎಮ್ಮಿ ಈದೈತೇನ್ರಿ?" ಎಂದೆ.

"ಹೂನ್ರಿ, ಮೊನ್ನಿ. ಹೆಣ್ಗರು. ಮಗಳ ಮನಿಗೆ ಒಯ್ಯಾಕತ್ತೇನಿ. ಹಿಡೀರಿ, ಒಂದೀಟು ತಿನ್ರಿ. ಬ್ಯಾಡ ಅಂದ್ರ ನಾ ಸಿಟ್ಟಾಗ್ತೇನಿ ನೋಡ್ರಿ," ಎಂದು ಗಂಟು ಬಿಚ್ಚಿ ಒಂದು ತುಂಡು ಮುರಿದು ನನ್ನ ಅಂಗೈ ಮೇಲೆ ಇಟ್ಟೇಬಿಟ್ಟಳು. ಗುರುತಿಲ್ಲ, ಪರಿಚಯವಿಲ್ಲ. ಈ ಸೀಮೆಯ ಹೆಣ್ಣುಮಕ್ಕಳು ಹೀಗೆಯೇ. ಅದು ನಾಲಿಗೆಯ ಮೇಲೆ ಕರಗುವುದರೊಳಗೆ ಆ ಒಂದು ಮಳೆಗಾಲ ಪೂರ್ತಿ ಎದ್ದು ಬಂದು ನನ್ನ ಎದೆಯನ್ನು ಹಿಡಿದುಕೊಂಡಿತು.

ಆ ವರ್ಷ ನಾನು ದನಕರುಗಳ ರೋಗ ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ ಗುತ್ತಿಗೆ ಕೆಲಸಕ್ಕಿದ್ದೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕುಗಳ ಹಳ್ಳಿಗಳಲ್ಲಿ ಕೆಚ್ಚಲು ಬಾವು ಬಂದ ಎಮ್ಮೆ, ಆಕಳುಗಳ ಹಾಲನ್ನು ಸಣ್ಣ ಬಾಟಲಿಯಲ್ಲಿ ಹಿಡಿದು, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಲ್ಯಾಬಿಗೆ ಮುಟ್ಟಿಸುವುದು ನನ್ನ ಕೆಲಸ. ಅಲ್ಲಿ ಆ ಹಾಲಿನೊಳಗಿನ ರೋಗಾಣುವನ್ನು ಬಟ್ಟಲಲ್ಲಿ ಬೆಳೆಸುತ್ತಿದ್ದರು. ಅದರ ಮೇಲೆ ಔಷಧ ತೋಯಿಸಿದ ಸಣ್ಣ ಸಣ್ಣ ಬಿಲ್ಲೆ ಇಡುತ್ತಿದ್ದರು. ಔಷಧ ನಾಟಿದರೆ ಬಿಲ್ಲೆಯ ಸುತ್ತ ರೋಗಾಣು ಸತ್ತು ಬಯಲು ಬೀಳುತ್ತದೆ. ನಾಟದಿದ್ದರೆ ಬಿಲ್ಲೆಯ ಅಂಚಿನವರೆಗೂ ಹುಲುಸಾಗಿ ಬೆಳೆದಿರುತ್ತದೆ. ಆಮೇಲೆ ಅದರ ಜೀನೋಮು ಓದುತ್ತಿದ್ದರು. ಜೀನೋಮು ಎಂದರೆ ಆ ಜೀವಿಯ ಒಳಗಿನ ಬರಹ. ಇರುವುದು ನಾಲ್ಕೇ ಅಕ್ಷರ, ಆದರೆ ಲಕ್ಷಗಟ್ಟಲೆ ಸಾಲು ಹಚ್ಚಿ ನಿಂತಿರುತ್ತವೆ. ಎರಡು ಎಮ್ಮೆಗಳ ರೋಗಾಣುಗಳ ಬರಹವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅವು ಒಂದೇ ಮೂಲದಿಂದ ಮೊನ್ನೆ ಮೊನ್ನೆ ಬೇರೆಯಾದವೋ, ಒಂದಕ್ಕೊಂದು ಸಂಬಂಧವೇ ಇಲ್ಲದವೋ ತಿಳಿಯುತ್ತದೆ. ಯಾವ ಔಷಧಕ್ಕೂ ಸಾಯದ ರೋಗಾಣು ಎಲ್ಲಿ ಹುಟ್ಟುತ್ತಿದೆ, ಎಲ್ಲಿಗೆ ನಡೆಯುತ್ತಿದೆ ಎಂದು ಕಾಯುವ ಕೆಲಸ ಅದು.

ಉಳಿದುಕೊಂಡದ್ದು ದೊಡ್ಡವ್ವನ ಮನೆಯಲ್ಲಿ, ಮಾಸೂರಿನಿಂದ ಎರಡು ಹರದಾರಿ ಆಚೆಗಿನ ಹಳ್ಳಿ. ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ, ಗೌರವ್ವ. ಧ್ವನಿ ದೊಡ್ಡದು, ಕೈ ಅದಕ್ಕಿಂತ ದೊಡ್ಡದು. ಅವಳ ಮನೆಗೆ ಬಂದವರು ಬರಿಗೈಯಲ್ಲಿ ಹೊಸ್ತಿಲು ದಾಟಿದ್ದನ್ನು ನಾನು ನೋಡಿಲ್ಲ. ಮೀಟರು ಓದಲು ಬಂದವನ ಕಿಸೆಯಲ್ಲೂ ನಾಲ್ಕು ಬದನೆಕಾಯಿ ತುರುಕಿ ಕಳಿಸುವ ಹೆಂಗಸು. ಹಟ್ಟಿಯಲ್ಲಿ ಒಂದೇ ಎಮ್ಮೆ, ಹಣೆಯ ಮೇಲೆ ಬಿಳಿಚುಕ್ಕಿ ಇದ್ದ ಚಂದ್ರಿ. ಅದೇ ಹಟ್ಟಿಯಲ್ಲಿ ಹುಟ್ಟಿ ಬೆಳೆದದ್ದು. ಹಿಂದಿನ ಬೇಸಿಗೆಯಲ್ಲಿ ಅದಕ್ಕೆ ಕೆಚ್ಚಲು ಬಾವು ಬಂದು ಹೋಗಿತ್ತು, ಆಗೀಗ ಒಂದು ಮೊಲೆ ಗಟ್ಟಿಯಾಗುತ್ತಿತ್ತು. "ಮೊದಲ ಬಾಟ್ಲಿ ನಮ್ಮ ಮನೀದ ಆಗಬೇಕು, ಬ್ಯಾರೆದವರದು ಆಮ್ಯಾಲ," ಎಂದು ಹಟ ಹಿಡಿದಳು. ಹಾಗಾಗಿ ನನ್ನ ದಫ್ತರದ ಒಂದನೆಯ ನಂಬರು ಚಂದ್ರಿಯದು.

ಆರಿದ್ರಾ ಮಳೆ ಹಿಡಿದದ್ದು ಬಿಡಲೇ ಇಲ್ಲ. ಗೋವಿನಜೋಳ ಮೊಳಕಾಲು ದಾಟಿತ್ತು, ಮದಗದ ಕೆರೆಗೆ ಕೆಂಪು ನೀರು ನುಗ್ಗುತ್ತಿತ್ತು, ಹಟ್ಟಿಗಳಲ್ಲಿ ಸಗಣಿ ಗಂಜಲ ಕಲಸಿ ಕೆಸರಾಗಿತ್ತು. ಎಮ್ಮೆ ಆ ಕೆಸರಲ್ಲೇ ಮಲಗಿ ಏಳುತ್ತಿತ್ತು. ನಾನು ಸ್ಕೂಟರಿನ ಹಿಂದೆ ಡಬ್ಬಿ ಕಟ್ಟಿಕೊಂಡು ಹೋಗಿ, ಮೊಲೆಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಮೊದಲ ಎರಡು ಧಾರೆ ನೆಲಕ್ಕೆ ಬಿಟ್ಟು, ಮೂರನೆಯದನ್ನು ಬಾಟಲಿಗೆ ಹಿಡಿಯುತ್ತಿದ್ದೆ. ಹತ್ತನೆಯ ಇಯತ್ತೆಯ ಮೇಲೆ ಒಂದು ಡಿಪ್ಲೊಮಾ ಮಾಡಿಕೊಂಡವಳು ನಾನು, ಆದರೂ ಎಲ್ಲರಿಗೂ ಡಾಕ್ಟರಬಾಯಿ.

ಆ ಹೆಸರಿಟ್ಟದ್ದು ಇಮಾಮಸಾಬರು. ಸವಣೂರಿನ ಎಮ್ಮೆ ವ್ಯಾಪಾರಿ. ಇಪ್ಪತ್ತು ವರ್ಷದಿಂದ ಗಬ್ಬದ ಎಮ್ಮೆಗಳನ್ನು ಹೊಡೆದುಕೊಂಡು ಈ ಹಳ್ಳಿಗಳನ್ನು ಸುತ್ತುತ್ತಿದ್ದವರು. ಹೆಗಲ ಮೇಲೊಂದು ಬಿಳಿ ಟವೆಲು, ಬಾಯಲ್ಲಿ ಸವಣೂರಿನದೇ ಎಲೆ. ನಾನು ಹೊಸಬಳು, ಜನ ಹಾಲು ಕೊಡಲು ಹಿಂದೆಮುಂದೆ ನೋಡುತ್ತಿದ್ದಾಗ ಅವರೇ ಎಮ್ಮೆಯ ಕೊಂಬು ಹಿಡಿದು ನಿಂತು, "ಕೊಡ್ರಿ, ಕೊಡ್ರಿ. ಇವರು ಒಯ್ಯೂದು ನಾಕು ಹನಿ. ನಿಮ್ಮ ಎಮ್ಮೀನ ಏನ ಡಬ್ಬ್ಯಾಗ ಹಾಕ್ಕೊಂಡು ಹೊಕ್ಕಾರೇನು?" ಎಂದು ನಗಿಸಿ ಕೆಲಸ ಮಾಡಿಸಿಕೊಟ್ಟಿದ್ದರು.

ಆ ಉಪಕಾರಕ್ಕೆ ನಾನು ಮಾಡಿದ್ದೇನು ಎನ್ನುವುದನ್ನು ಹೇಳಬೇಕು.

ಆಶ್ಲೇಷ ಮಳೆಯಲ್ಲಿ ಪಂಚಮಿ ಬಂತು. ಹೆಣ್ಣುಮಕ್ಕಳು ತವರಿಗೆ ಬಂದರು, ಜೋಕಾಲಿ ಆಡಿದರು, ಉಂಡಿ ಕಟ್ಟಿಸಿಕೊಂಡು ಹೋದರು. ಹಾನಗಲ್ ಕಡೆಗೆ ಕೊಟ್ಟ ದೊಡ್ಡವ್ವನ ಮಗಳು ಶಾಂತಾ ಮಾತ್ರ ಬರಲಾಗಿರಲಿಲ್ಲ. ಎರಡು ದಿನ ಬಿಟ್ಟು ನಾನು ಆ ಕಡೆ ಹೊರಟಾಗ ದೊಡ್ಡವ್ವ ಉಂಡಿಯ ಗಂಟು ಕೊಟ್ಟಳು. ಅದರ ಜೊತೆಗೆ ಒಂದು ಸಣ್ಣ ಬಟ್ಟೆಯ ಸುರುಳಿಯನ್ನೂ ಕೊಟ್ಟಳು.

"ಏನಿದು ದೊಡ್ಡವ್ವಾ?"

"ಕೆಚ್ಚಲ ಟೂಬು. ಚಂದ್ರಿಗೆ ಅರ್ಧ ಏರಿಸಿದೆ, ಅರ್ಧ ಉಳಿದೈತಿ. ಶಾಂತಾನ ಎಮ್ಮೀ ಮಲೀ ತುಸು ಬಾತೈತಂತ, ಫೋನ್ ಮಾಡಿದ್ಲು. ನಿನ್ನ ಬರ್ಫಿನ ಡಬ್ಬ್ಯಾಗ ಇಟ್ಟುಕೋ, ತಂಪಿನಾಗಿರ್ಲಿ."

ಡಬ್ಬಿಯಲ್ಲಿ ಮಾದರಿ ಬಿಟ್ಟು ಬೇರೆ ಏನೂ ಇಡಬಾರದು ಎನ್ನುವುದು ನಮ್ಮ ಲ್ಯಾಬಿನ ಮೊದಲ ನಿಯಮ. ಹಿರಿಯಳ ಮಾತು ತೆಗೆದುಹಾಕಲು ಬಾಯಿ ಬರಲಿಲ್ಲ. ಇಟ್ಟುಕೊಂಡೆ, ಒಯ್ದು ಕೊಟ್ಟೆ. ಶಾಂತಾ ಎಷ್ಟು ಖುಷಿಪಟ್ಟಳೆಂದರೆ ಉಂಡಿಗಿಂತ ಮೊದಲು ಆ ಸುರುಳಿಯನ್ನೇ ಬಿಚ್ಚಿದಳು.

ಅದೇ ಹೊತ್ತಿಗೆ ಲ್ಯಾಬಿನಿಂದ ಫೋನು ಬರತೊಡಗಿತು. ದೊಡ್ಡವ್ವನ ಊರಿನಿಂದ ಕಳಿಸಿದ ಕೆಲವು ಬಾಟಲಿಗಳ ಹಾಲಿನಲ್ಲಿ ಬೆಳೆದ ರೋಗಾಣುವಿಗೆ ಯಾವ ಬಿಲ್ಲೆಯ ಸುತ್ತಲೂ ಬಯಲು ಬಿದ್ದಿಲ್ಲ. ಸಾಮಾನ್ಯವಾಗಿ ಕೊಡುವ ಔಷಧ ಒಂದೂ ನಾಟುತ್ತಿಲ್ಲ. ಊರಲ್ಲಿ ಎಮ್ಮೆಗಳ ಮೊಲೆಗಳು ಒಂದೊಂದಾಗಿ ಬತ್ತುತ್ತಿದ್ದವು. ಬತ್ತಿದ ಮೊಲೆಗೆ ಮತ್ತೆ ಹಾಲು ಇಳಿಯುವುದಿಲ್ಲ.

ಒಂದು ಬೆಳಗ್ಗೆ ಆ ಊರಿನ ಹಾಲಿನ ಡೇರಿಯ ತಗಡಿನ ಚಪ್ಪರದಲ್ಲಿ ಕುಳಿತು ನಮೂನೆ ತುಂಬುತ್ತಿದ್ದೆ. ನಮೂನೆಯಲ್ಲಿ ಒಂದು ಅಂಕಣ: ಜಾನುವಾರು ಎಲ್ಲಿಂದ ಬಂದದ್ದು. ಮೊದಲನೆಯವರು ಇಮಾಮಸಾಬರ ಕಡೆಯಿಂದ ಎಂದರು. ಎರಡನೆಯವರೂ ಹಾಗೆಯೇ. ಮೂರನೆಯವರು ಬಂದಾಗ ನಾನು ತಲೆ ಎತ್ತದೆ, ಮಳೆಯ ಸಪ್ಪಳದಲ್ಲಿ ಕೇಳಲೆಂದು ಜೋರಾಗಿಯೇ, "ಇದೂ ಇಮಾಮಸಾಬರ ಎಮ್ಮೀನ ಏನು?" ಎಂದೆ.

ಎದುರಿಗೆ ಹಾಲಿನ ಕ್ಯಾನು ಹಿಡಿದು ಹತ್ತಾರು ಮಂದಿ ಸಾಲು ನಿಂತಿದ್ದರು. ಡೇರಿಯ ಕಾರ್ಯದರ್ಶಿ ಚನ್ನಬಸಪ್ಪ ಅಳೆಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದರು. ಆಗಲೇ ತಿಳಿಯಬೇಕಿತ್ತು ನನಗೆ.

ಆ ಪ್ರಶ್ನೆ ಸಂಜೆಗೆ ಪಕ್ಕದ ಊರು ಮುಟ್ಟಿತು. ವಾರದೊಳಗೆ ಹಂಸಭಾವಿ, ರಟ್ಟೀಹಳ್ಳಿ ದಾಟಿತು. ದಾಟುತ್ತ ದಾಟುತ್ತ ಅದು ಪ್ರಶ್ನೆಯಾಗಿ ಉಳಿಯಲಿಲ್ಲ. ಇಮಾಮಸಾಬನ ಎಮ್ಮೆಗಳಿಗೆ ರೋಗವಂತೆ, ಸರಕಾರದವರು ಹಿಡಿದರಂತೆ, ಹೆಸರು ಬರೆದುಕೊಂಡು ಹೋದರಂತೆ ಎಂದಾಯಿತು.

ಒಂದು ಮಧ್ಯಾಹ್ನ ಕೆರೆಯ ದಂಡೆಯಲ್ಲಿ ಅವರನ್ನು ಕಂಡೆ. ಒಂಬತ್ತು ಎಮ್ಮೆ, ಎಲ್ಲವೂ ತುಂಬು ಗಬ್ಬ. ನೀರಿಗೆ ಇಳಿಸಲು ಹೊರಟರೆ ಇಬ್ಬರು ಅಡ್ಡ ನಿಂತಿದ್ದರು.

"ಸಾಬಣ್ಣಾ, ಸಿಟ್ಟಾಗಬ್ಯಾಡ. ನಮ್ಮ ದನ ಇದ ನೀರ ಕುಡೀತಾವು."

"ಇಪ್ಪತ್ತು ವರ್ಷ ಕುಡಿದಾವಲ್ಲೋ ನನ್ನ ಎಮ್ಮಿ ಇಲ್ಲೇ."

"ಆಗಿಂದು ಬ್ಯಾರೆ. ವರದಿ ಬರ್ಲಿ, ನೋಡೂಣು."

ಇಮಾಮಸಾಬರು ಎಮ್ಮೆಗಳನ್ನು ತಿರುಗಿಸಿದರು. ನನ್ನ ಸ್ಕೂಟರಿನ ಹತ್ತಿರ ಬಂದು ನಿಂತರು. ಮಳೆ ನೀರು ಗಡ್ಡದಿಂದ ಇಳಿಯುತ್ತಿತ್ತು.

"ಡಾಕ್ಟರಬಾಯಾರ, ನನ್ನ ಹೆಸರು ನಿಮ್ಮ ಕಾಗದದಾಗ ಐತಂತಲ್ರಿ?"

"ಐತ್ರಿ."

"ಏನಂತ ಐತಿ?"

"ಎಮ್ಮಿ ಮಾರಿದವರು ಅಂತ."

"ಅಷ್ಟ?"

"ಅಷ್ಟ್ರಿ."

"ಅಷ್ಟಕ್ಕ ಹಿಂಗಾತು. ಇನ್ನೊಂದು ಸಾಲು ಬರದಿದ್ರ ನನ್ನ ಮಣ್ಣಿಗೂ ಯಾರೂ ಬರ್ತಿದ್ದಿಲ್ಲ ಬಿಡ್ರಿ," ಎಂದು ನಕ್ಕರು. ಆ ನಗು ನೋಡಲಾಗದೆ ನಾನು ಹೆಲ್ಮೆಟ್ಟು ಹಾಕಿಕೊಂಡೆ.

ಚನ್ನಬಸಪ್ಪ ಕೆಟ್ಟವರಲ್ಲ. ಆದರೆ ಅವರ ಮೇಲೂ ಜನರ ಒತ್ತಡ. "ನೋಡವ್ವಾ, ಸೋಮವಾರ ಮೀಟಿಂಗ ಕರದೇನಿ," ಎಂದರು. "ಇಮಾಮಸಾಬನ ಕಡೆ ಕೊಂಡ ಎಮ್ಮೀ ಹಾಲು ಡೇರಿಗೆ ತಗೊಳ್ಳೂದಿಲ್ಲ ಅಂತ ಠರಾವು ಮಾಡ್ರಿ ಅನ್ನಾಕತ್ತಾರ. ನಮ್ಮೂರಾಗ ಆತಂದ್ರ ಸುತ್ತಿನ ಡೇರಿಯವರೂ ಅದನ್ನ ಮಾಡ್ತಾರ. ನಿನ್ನ ವರದಿ ಬರ್ಲಿ ಅಂತ ಇಷ್ಟ ದಿನ ತಡದೇನಿ. ಇನ್ನ ತಡಿಯಾಕ ಆಗೂದಿಲ್ಲ."

ಅಂಥ ನಿರ್ಣಯ ಆಯಿತೆಂದರೆ ಇಮಾಮಸಾಬರ ಎಮ್ಮೆಯನ್ನು ಈ ನಾಲ್ಕು ತಾಲೂಕಿನಲ್ಲಿ ಯಾರೂ ಕೊಳ್ಳುವುದಿಲ್ಲ. ಹಾಲು ಹೋಗದ ಎಮ್ಮೆಯನ್ನು ಯಾರು ಕಟ್ಟಿಕೊಳ್ಳುತ್ತಾರೆ? ಇಪ್ಪತ್ತು ವರ್ಷದ ಕಸುಬು, ಇಪ್ಪತ್ತು ವರ್ಷದ ಹೆಸರು, ನನ್ನ ಒಂದು ಪ್ರಶ್ನೆಗೆ ಮುಗಿಯುವುದರಲ್ಲಿತ್ತು.

ವರದಿ ಬಂದದ್ದು ಶುಕ್ರವಾರ, ಹುಬ್ಬಾ ಮಳೆ ಸುರಿಯುತ್ತಿದ್ದಾಗ. ಹಂಸಭಾವಿಯ ಝೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿಕೊಂಡು ಅಲ್ಲಿಯೇ ನಿಂತು ಓದಿದೆ. ಔಷಧ ನಾಟದ ರೋಗಾಣುಗಳೆಲ್ಲ ಹೆಚ್ಚು ಕಡಿಮೆ ಒಂದೇ ಬರಹದವು, ಒಂದೇ ಮೂಲದಿಂದ ಈಚೆಗೆ ಹರಡಿರುವ ಸಾಧ್ಯತೆ ಹೆಚ್ಚು ಎಂದಿತ್ತು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಲ್ಕೂ ಕಡೆ ಅದೇ. ನಾಲ್ಕೂ ಕಡೆ ತಿರುಗುವ ಮನುಷ್ಯ ಇಮಾಮಸಾಬರನ್ನು ಬಿಟ್ಟು ಇನ್ನಾರು? ಸೋಮವಾರ ಇದನ್ನು ಓದಿದರೆ ಠರಾವು ಬೇರೆ ಬೇಕಾಗಿಯೇ ಇಲ್ಲ.

ಲ್ಯಾಬಿನ ಹಿರಿಯ ಮೇಡಮ್ಮಿಗೆ ಫೋನು ಮಾಡಿದೆ. ಮಾತು ಕಡಿಮೆ, ಆದರೆ ತೂಕದ ಹೆಂಗಸು.

"ಮೂಲ ಯಾವುದು ಅಂತ ಅದರಲ್ಲಿ ಬರೆದಿಲ್ಲ, ಸರಿಯಾಗಿ ನೋಡು," ಎಂದರು. "ಯಾವುದಕ್ಕೆ ಯಾವುದು ಹತ್ತಿರ ಅನ್ನೋದಷ್ಟೇ ಅದು ಹೇಳುತ್ತೆ. ಹೇಗೆ ಹೋಯ್ತು ಅನ್ನೋದನ್ನ ಊರಿನಲ್ಲಿರೋಳು ನೀನು ಹುಡುಕಬೇಕು."

ಮನೆಗೆ ಬಂದು ಕಟ್ಟೆಯ ಮೇಲೆ ಆ ನಕ್ಷೆ ಹರಡಿಕೊಂಡು ಕುಳಿತೆ. ಟೊಂಗೆ ಟೊಂಗೆಯಾಗಿ ಗೆರೆ ಎಳೆದ ಚಿತ್ರ. ತುದಿಯಲ್ಲಿ ನನ್ನ ಬಾಟಲಿಗಳ ನಂಬರು. ಹತ್ತಿರದ ಟೊಂಗೆಯಲ್ಲಿದ್ದವು ಹತ್ತಿರದ ರೋಗಾಣು. ಪ್ರತಿ ನಂಬರಿನ ಪಕ್ಕ ನನ್ನ ದಫ್ತರ ನೋಡಿ ಮನೆಯವರ ಹೆಸರು ಬರೆಯತೊಡಗಿದೆ. ದೊಡ್ಡವ್ವ ಶೇಂಗಾ ಸುಲಿಯುತ್ತ ಬಂದು ಕುಳಿತಳು. ಅವಳಿಗೆ ಓದು ಬರುವುದಿಲ್ಲ.

"ಏನ ಅದು, ರಂಗೋಲಿ ಹಂಗ ಐತಿ. ಓದು ನೋಡೂಣು."

ತಲೆ ಕೆಟ್ಟಿತ್ತು ನನಗೆ, ಸುಮ್ಮನೆ ಓದಿದೆ. ಮೊದಲು ಈ ಊರಿನ ಮೂರು ಮನೆ.

"ಒಂದು ನನ್ನ ಮೈದುನನ ಮನಿ, ಎರಡನೇದು ಅವನ ಹಿಂದಿನ ಮನಿ, ಅವರೂ ನಮ್ಮ ಅಣ್ತಮ್ಮರ. ಮೂರನೇದು ನನ್ನ ನೆಗೆಣ್ಣಿ ತವರು ಮನಿಯವರು. ಮುಂದ?"

ಹಾನಗಲ್ ಕಡೆಯ ಟೊಂಗೆ ಓದಿದೆ. ಅದು ಶಾಂತಾಳ ಮನೆ. ಅದಕ್ಕೆ ಅಂಟಿಕೊಂಡೇ ಶಿಗ್ಗಾಂವಿ ಕಡೆಯ ಒಂದು ಮನೆ.

"ಅದು ಶಾಂತಾನ ನಾದಿನೀನ ಕೊಟ್ಟ ಮನಿ. ಪಂಚಮಿಗೆ ಬಂದು ವಾರ ಇದ್ದು ಹೋದ್ಲಂತ ಆಕಿ."

ಸವಣೂರು ಕಡೆಯ ಟೊಂಗೆ ಓದುವುದರೊಳಗೆ ಅವಳೇ ಹೇಳಿಬಿಟ್ಟಳು. "ಅದು ನಮ್ಮ ಮನೆಯವರ ತಂಗೀದು." ಆಮೇಲೆ ಶೇಂಗಾ ಸಿಪ್ಪೆ ಕೊಡವಿ ಹೊಟ್ಟೆ ಹಿಡಿದು ನಕ್ಕಳು. "ಅಯ್ಯ ನಿನ್ನ! ಸರಕಾರಿ ಕಾಗದದಾಗ ನಮ್ಮ ಬೀಗರ ಪಟ್ಟಿ ಯಾಕ ಬರಕೊಂಡು ಕುಂತೀ? ಯಾರದಾರ ಮದವಿ ಐತೇನು?"

ನನಗೆ ನಗು ಬರಲಿಲ್ಲ. ಗೆರೆಗಳು ರಸ್ತೆಯಂತೆ ಹೋಗಿರಲಿಲ್ಲ, ಸಂತೆಯ ದಾರಿಯಂತೆಯೂ ಹೋಗಿರಲಿಲ್ಲ. ಹೆಣ್ಣು ಕೊಟ್ಟು ತಂದ ದಾರಿಯಲ್ಲಿ ಹೋಗಿದ್ದವು. ಇಮಾಮಸಾಬರ ಎಮ್ಮೆ ಇದ್ದ ಮತ್ತಷ್ಟು ಮನೆಗಳು ಅದೇ ನಕ್ಷೆಯಲ್ಲಿದ್ದವು. ರಟ್ಟೀಹಳ್ಳಿ ಕಡೆಯವು, ಇದೇ ಊರಿನ ಕೆಳಗಿನ ಓಣಿಯವು. ಅವುಗಳ ರೋಗಾಣು ಎಲ್ಲೋ ದೂರದ ಟೊಂಗೆಯಲ್ಲಿ ಬೇರೆಯಾಗಿ ನಿಂತಿತ್ತು, ಔಷಧಕ್ಕೆ ಸಾಯುವಂಥದ್ದು. ಅವರು ನಮ್ಮ ಬೀಗರಲ್ಲ. ಇನ್ನು ಬೀಗರ ಟೊಂಗೆಗಳೆಲ್ಲ ಕೂಡುವ ಬುಡದ ಹತ್ತಿರ ಇದ್ದದ್ದು ಒಂದನೆಯ ನಂಬರು. ನಮ್ಮ ಚಂದ್ರಿ. ಇಮಾಮಸಾಬರ ಹೆಸರನ್ನೇ ಹುಡುಕುತ್ತಿದ್ದ ನನ್ನ ಕಣ್ಣಿಗೆ ಅದು ಕಂಡೇ ಇರಲಿಲ್ಲ.

"ದೊಡ್ಡವ್ವಾ, ಈ ಮನಿಗೋಳಿಗೆಲ್ಲ ನಮ್ಮ ಮನಿಯಿಂದ ಏನೇನು ಹೋಗತೈತಿ?"

"ಏನ ಹೋಗೂದಿಲ್ಲ ಕೇಳು. ರೊಟ್ಟಿ, ಉಂಡಿ, ಚಟ್ನಿಪುಡಿ, ಬೀಜದ ಕಾಳು. ಯಾರದಾರ ಎಮ್ಮಿಗೆ ಆರಾಮಿಲ್ಲಂದ್ರ ಟೂಬು."

"ಅರ್ಧ ಟೂಬು?"

"ಮತ್ತ? ಬಾವು ಇಳದ ಮ್ಯಾಲ ಉಳಿದಿದ್ದನ್ನ ಚೆಲ್ಲೂದೇನು? ಅವರಿಗೂ ಒಂದು ಸರ್ತಿಗೆ ಆಗತೈತಿ. ಅವರದೂ ಉಳದ್ರ ಅವರು ಮುಂದಿನವರಿಗೆ ಕೊಡ್ತಾರ."

ಟ್ಯೂಬಿಗೆ ಉದ್ದನೆಯ ಮೂತಿ ಇರುತ್ತದೆ. ಅದನ್ನು ಮೊಲೆಯ ತೂತಿನೊಳಗೆ ಏರಿಸಿ ಔಷಧ ಒತ್ತಬೇಕು. ಒಂದು ಮೊಲೆಗೆ ಒಂದು ಪೂರ್ತಿ ಟ್ಯೂಬು, ಆಮೇಲೆ ಎಸೆಯಬೇಕು. ಚಂದ್ರಿಯ ಮೊಲೆಗೆ ಹೋಗಿ ಬಂದ ಮೂತಿ ಮುಚ್ಚಳ ಹಾಕಿಸಿಕೊಂಡು ಗೂಡಿನಲ್ಲಿ ಕುಳಿತು, ನಾಲ್ಕು ದಿನ ಬಿಟ್ಟು ಇನ್ನೊಂದು ಎಮ್ಮೆಯ ಮೊಲೆಗೆ ಹೋಗುತ್ತಿತ್ತು. ಸಾಯುವ ರೋಗಾಣುಗಳೆಲ್ಲ ಆ ಔಷಧದಲ್ಲಿ ಸತ್ತಿರುತ್ತವೆ. ಔಷಧದೊಳಗೇ ಬದುಕುವುದನ್ನು ಕಲಿತದ್ದು ಮಾತ್ರ ಉಳಿದು ಮುಂದಿನ ಮನೆಗೆ ಹೋಗುತ್ತದೆ. ಅರ್ಧ ಔಷಧ ಕುಡಿದು ಇನ್ನಷ್ಟು ಗಟ್ಟಿಯಾಗುತ್ತದೆ. ಹಾನಗಲ್ಲಿಗೆ ಹೋದದ್ದು ನನ್ನದೇ ಡಬ್ಬಿಯಲ್ಲಿ, ಮಂಜುಗಡ್ಡೆಯ ತಂಪಿನಲ್ಲಿ.

ಇದನ್ನು ದೊಡ್ಡವ್ವನಿಗೆ ಬಿಡಿಸಿ ಹೇಳಿದೆ. ಅವಳು ಮೊದಲು ನಂಬಲಿಲ್ಲ. ಆಮೇಲೆ ಮುಖ ಕಪ್ಪಿಟ್ಟಿತು.

"ನಾ ಕೊಟ್ಟಿದ್ದು ಔಷಧ. ವಿಷ ಅಲ್ಲ."

"ಹೌದು ದೊಡ್ಡವ್ವಾ, ಆದ್ರ..."

"ಹಂಗಾರ ನನ್ನ ಉಂಡೀನೂ ಒಯ್ದು ಪರೀಕ್ಷಾ ಮಾಡಸು. ರೊಟ್ಟೀನೂ ಮಾಡಸು. ಮಗಳ ಎಮ್ಮೀ ಮಲೀ ತಾಯಿ ಕೈಯಿಂದ ಹ್ವಾದ್ವು ಅಂತ ಕಾಗದದಾಗ ಬರೀ!"

ಅಂದು ಮೊದಲ ಸಲ ಅವಳು ನನ್ನನ್ನು ಉಣ್ಣು ಎಂದು ಕರೆಯಲಿಲ್ಲ. ಗೋಡೆಯ ಗೂಡಿನಲ್ಲಿ ಇನ್ನೊಂದು ಅರ್ಧ ಟ್ಯೂಬು ಇತ್ತು. ಕೇಳದೆಯೇ ತೆಗೆದುಕೊಂಡೆ. ಅವಳು ನೋಡಿದಳು, ಶೇಂಗಾ ಎತ್ತಿಕೊಂಡು ಒಳಗೆ ಹೋದಳು.

ಶನಿವಾರ ಮೊದಲ ಬಸ್ಸಿಗೆ ಲ್ಯಾಬು ಮುಟ್ಟಿದೆ. ಹಿರಿಯ ಮೇಡಂ ರಜೆಯ ದಿನವೂ ಬಂದು ಆ ಮೂತಿಯನ್ನು ಬಟ್ಟಲ ಮೇಲೆ ತಾವೇ ಎಳೆದರು. ಅಲ್ಲಿಯೇ ನಿಂತು ನನ್ನ ತಪ್ಪನ್ನೂ ಹೇಳಿದೆ. ಡಬ್ಬಿಯ ಮಾತು ಕೇಳಿ ಅವರು ಕೈಗವಸು ಬಿಚ್ಚಿ ನಿಧಾನವಾಗಿ ಮಡಚಿದರು.

"ಅದನ್ನೂ ವರದಿಯಲ್ಲಿ ಬರಿ. ನಿನ್ನ ಗುತ್ತಿಗೆ ಮುಂದುವರೆಯೋದು ಕಷ್ಟ ಆಗ್ಬಹುದು. ಆದ್ರೂ ಬರಿ."

ಭಾನುವಾರ ಬೆಳಗ್ಗೆ ಬಟ್ಟಲು ತೆಗೆದಾಗ ಎಳೆದ ಗೆರೆಯುದ್ದಕ್ಕೂ ಹೊನ್ನಿನ ಬಣ್ಣದ ಚುಕ್ಕೆಗಳು ಎದ್ದಿದ್ದವು. ಔಷಧದ ಟ್ಯೂಬಿನ ಮೂತಿಯಲ್ಲಿ ರೋಗಾಣು ಬೆಳೆದಿತ್ತು. ಬಿಲ್ಲೆ ಇಟ್ಟು ಮರುದಿನ ಬೆಳಗ್ಗೆ ನೋಡಿದರೆ ಯಾವುದರ ಸುತ್ತಲೂ ಬಯಲಿಲ್ಲ. ಪೂರ್ತಿ ಬರಹ ಓದಲು ಇನ್ನೂ ಎರಡು ವಾರ ಬೇಕಿತ್ತು. ಆಮೇಲೆ ಓದಿದಾಗ ಅದು ನಕ್ಷೆಯಲ್ಲಿ ಚಂದ್ರಿಯ ಪಕ್ಕದಲ್ಲೇ ಕುಳಿತಿತು. ಆದರೆ ಅಂದು ನನ್ನ ಕೈಯಲ್ಲಿದ್ದದ್ದು ಆ ಬಟ್ಟಲಿನ ಫೋಟೋ ಒಂದು, ನಕ್ಷೆ ಒಂದು.

ಸೋಮವಾರ ಸಂಜೆ ಹಾಲು ಹಾಕಿದ ಮೇಲೆ ಡೇರಿಯ ಚಪ್ಪರದಲ್ಲಿ ಸಭೆ ಕೂಡಿತು. ತಗಡಿನ ಮೇಲೆ ಮಳೆ ಬಡಿಯುತ್ತಿತ್ತು, ಕೂಗಿ ಮಾತಾಡಬೇಕಿತ್ತು. ಇಮಾಮಸಾಬರು ಒಳಗೆ ಬರಲಿಲ್ಲ. ಹೊರಗೆ ಸೂರಿನ ನೀರು ಬೀಳುವಲ್ಲಿ ನಿಂತಿದ್ದರು. ಚನ್ನಬಸಪ್ಪ ಒಳಗೆ ಕರೆದರೆ, "ಇರ್ಲಿ ಬಿಡ್ರಿ, ಇಲ್ಲೇ ಕೇಳತೈತಿ," ಎಂದರು. ದೊಡ್ಡವ್ವ ಹೆಂಗಸರ ನಡುವೆ ಸೆರಗು ಹೊದ್ದು ಕುಳಿತಿದ್ದಳು. ಮೂರು ದಿನದಿಂದ ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

ನಾನು ಎದ್ದು ನಿಂತೆ. ನಕ್ಷೆಯ ವಿಷಯ, ಟ್ಯೂಬಿನ ವಿಷಯ ಹೇಳಿದೆ. ಅವಳ ಹೆಸರು ಹೇಳಬಾರದು ಎಂದು ನಿಶ್ಚಯ ಮಾಡಿಕೊಂಡಿದ್ದೆ. "ಒಂದು ಅರ್ಧ ಟೂಬು ನನ್ನ ಡಬ್ಬ್ಯಾಗ ನಾನ ಒಯ್ದು ಕೊಟ್ಟೇನಿ. ಇಮಾಮಸಾಬರ ಹೆಸರು ಈ ಚಪ್ಪರದಾಗ ಮೊದಲ ಒದರಿದಾಕೀನೂ ನಾನ. ಎರಡೂ ತಪ್ಪು ನಂದು," ಎಂದೆ.

ಗದ್ದಲವೆದ್ದಿತು.

"ಅಂದ್ರ ನಮ್ಮ ಮನೀ ಟೂಬಿಂದ ಬಂತಂತೀ ಏನು?"

"ಇಮಾಮಸಾಬ ಏನ ಕೊಟ್ಟಾನವ್ವಾ ನಿನಗ, ಹಿಂಗ ಮಾತಾಡಾಕ?"

"ಯಾರ ಮನಿಯಿಂದ ಸುರು ಆತು, ಹೆಸರ ಹೇಳು! ಅವನ ಹೆಸರು ಹೇಳಾಕ ಬಂತು, ಇದನ್ನ ಹೇಳಾಕ ಬರೂದಿಲ್ಲೇನು?"

ಹೇಳಿದರೆ ಶಾಂತಾಳ ಅತ್ತೆ ಮನೆಯಲ್ಲಿ ಏನಾಗಬಹುದೆಂದು ನನಗೆ ಗೊತ್ತಿತ್ತು. ಹೇಳದಿದ್ದರೆ ಹೊರಗೆ ಮಳೆಯಲ್ಲಿ ನಿಂತವರ ಗತಿ ಏನಾಗುತ್ತದೆ ಎಂದೂ ಗೊತ್ತಿತ್ತು. ನಕ್ಷೆಯನ್ನು ಮಡಚಿದೆ, ಮತ್ತೆ ಬಿಚ್ಚಿದೆ.

"ನನ್ನ ಮನಿ," ಎಂಬ ಧ್ವನಿ ತಗಡಿನ ಸಪ್ಪಳವನ್ನು ಮೀರಿ ಕೇಳಿತು.

ದೊಡ್ಡವ್ವ ಎದ್ದು ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. "ಯಾಕ, ಸುಮ್ಮನಾದ್ರೆಲ್ಲ? ನನ್ನ ಮನೀ ಚಂದ್ರಿಯಿಂದ. ಇಮಾಮಸಾಬನ ಎಮ್ಮಿ ಅಲ್ಲ ಅದು, ನನ್ನ ಹಟ್ಟ್ಯಾಗ ಹುಟ್ಟಿದ್ದು. ಟೂಬು ಕೊಟ್ಟಾಕಿ ನಾನು. ಬಸಣ್ಣಾ, ನಿನಗ ಕೊಟ್ಟೇನಿ. ನಿಂಗವ್ವಾ, ನಿನಗ ಎರಡು ಸರ್ತಿ ಕೊಟ್ಟೇನಿ, ಇಲ್ಲ ಅನ್ನು ನೋಡೂಣು. ಈ ಮನಶಾ ಇಪ್ಪತ್ತು ವರ್ಷ ನಿಮಗ ಎಮ್ಮಿ ಕೊಟ್ಟ. ನಾ ಇಪ್ಪತ್ತು ವರ್ಷ ನಿಮಗ ಮಜ್ಜಿಗಿ ಕೊಟ್ಟೆ. ಇವನ ಹೆಸರ ಒಂದ ದಿನದಾಗ ಕೆಡಿಸಿ ಕೈ ಬಿಟ್ರಿ. ಈಗ ನನ್ನ ಹೆಸರು ಹೇಳಾಕ ಯಾರಿಗೂ ಬಾಯಿ ಬರವಲ್ದು. ಯಾಕ?"

ನಿಂಗವ್ವ ನೆಲ ನೋಡುತ್ತಿದ್ದಳು. ಚನ್ನಬಸಪ್ಪ ಠರಾವಿನ ಪುಸ್ತಕ ಮುಚ್ಚಿ, "ಇನ್ನ ಮ್ಯಾಲ ಅರ್ಧ ಟೂಬು ಯಾರೂ ಯಾರಿಗೂ ಕೊಡಬಾರದು, ಡಾಕ್ಟರ್ ಚೀಟಿ ಇಲ್ದ ತರಬಾರದು. ಅಷ್ಟ. ನಡೀರಿ," ಎಂದರು.

ಜನ ಕರಗಿದರು. ಇಮಾಮಸಾಬರ ಪಕ್ಕದಿಂದಲೇ ಹಾದುಹೋದರು; ಕೆಲವರು ತಲೆಯಾಡಿಸಿದರು, ಒಬ್ಬಿಬ್ಬರು "ಬರ್ತೇವ್ರಿ" ಎಂದರು. ನಾನು ಅವರ ಹತ್ತಿರ ಹೋಗಿ ಕೈ ಮುಗಿದೆ.

"ನೀವು ಖರೇ ಹೇಳಿದ್ರಿ. ಚಲೋ ಆತು," ಎಂದರು. "ಆದ್ರ ಡಾಕ್ಟರಬಾಯಾರ, ಒಬ್ಬಾವನೂ ಒಂದು ಎಮ್ಮಿ ಬೇಕಾಗಿತ್ತು ಅನ್ನಲಿಲ್ಲ ನೋಡ್ರಿ."

ಅವರ ಮಾತು ನಿಜವೇ ಆಯಿತು. ಅನುಮಾನ ಹೋದರೂ ಅದರ ಅಂಜಿಕೆ ಹೋಗಲಿಲ್ಲ. ಮುಂದಿನ ಸಂತೆಯಲ್ಲಿ ಅವರ ಒಂಬತ್ತರಲ್ಲಿ ಒಂದೂ ಮಾರಾಟವಾಗಲಿಲ್ಲ ಎಂದು ಸುದ್ದಿ ಬಂತು. ಎರಡು ಎಮ್ಮೆ ಮಾರುವ ಮೊದಲೇ ಅವರ ಹಗ್ಗದಲ್ಲೇ ಈದವಂತೆ. ಶಾಂತಾಳ ಅತ್ತೆ ಫೋನಿನಲ್ಲಿ ದೊಡ್ಡವ್ವನಿಗೆ ಏನೇನೋ ಅಂದಳು. ಶಾಂತಾಳ ಎಮ್ಮೆಯ ಎರಡು ಮೊಲೆ ಬತ್ತಿಹೋಗಿದ್ದವು. ದೊಡ್ಡವ್ವ ಎಲ್ಲ ಕೇಳಿಸಿಕೊಂಡು ಫೋನು ಇಟ್ಟು, ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದಳು. ಆಮೇಲೆ ನನ್ನ ಕಡೆ ತಿರುಗಿ, ಅಷ್ಟು ದಿನದ ಮೇಲೆ ಮೊದಲ ಸಲ, "ಉಣ್ಣಾಕ ಬಾ," ಎಂದಳು. ಉಣ್ಣುವಾಗ, "ನಾಳಿ ನನ್ನ ಜೋಡಿ ಸಂತಿಗೆ ಬರ್ತೀ?" ಎಂದಳು.

ಸಂತೆಯಲ್ಲಿ ಮಳೆ ಹೊಳವಾಗಿತ್ತು, ನೆಲವೆಲ್ಲ ರಾಡಿ. ದನ ಕೊಳ್ಳುವವರಿಗೂ ಮಾರುವವರಿಗೂ ನಡುವೆ ದರದ ಮಾತು ಬಾಯಲ್ಲಿ ಆಗುವುದಿಲ್ಲ ಅಲ್ಲಿ. ಮಾರುವವನು ಕೈ ಚಾಚಿ ಮೇಲೆ ಟವೆಲು ಹೊದಿಸುತ್ತಾನೆ. ಕೊಳ್ಳುವವನು ಅದರ ಕೆಳಗೆ ಕೈ ಹಾಕುತ್ತಾನೆ. ಬೆರಳು ಬೆರಳು ಹಿಡಿದು ಒತ್ತಿ ಮಾತು ಮುಗಿಸುತ್ತಾರೆ. ಸುತ್ತ ನಿಂತವರಿಗೆ ಬಟ್ಟೆ ಅಲುಗುವುದಷ್ಟೇ ಕಾಣುತ್ತದೆ. ಗಂಡಸರ ವ್ಯವಹಾರ ಅದು. ಇಮಾಮಸಾಬರು ಮೂಲೆಯ ಬೇವಿನ ಗಿಡದ ಕೆಳಗೆ ಎಮ್ಮೆಗಳನ್ನು ಕಟ್ಟಿ, ಕೈ ಮೇಲೆ ಟವೆಲು ಹಾಕಿಕೊಂಡು ಕುಳಿತಿದ್ದರು. ಜನ ಎಮ್ಮೆ ನೋಡುತ್ತಿದ್ದರು, ಸೊಂಟದ ಚಪ್ಪೆ ಸವರುತ್ತಿದ್ದರು, ಮುಂದೆ ಹೋಗುತ್ತಿದ್ದರು.

ದೊಡ್ಡವ್ವ ರಾಡಿ ತುಳಿಯುತ್ತ ನೆಟ್ಟಗೆ ಹೋಗಿ ಅವರೆದುರು ನಿಂತಳು.

"ಇಮಾಮಸಾಬಾ, ನನ್ನ ಮಗಳಿಗೆ ಒಂದು ಎಮ್ಮಿ ಕೊಡಬೇಕು. ಯಾವುದು ಕೊಡ್ತೀ?"

ಅವರು ತಡಬಡಿಸಿ ಎದ್ದರು. "ಅಕ್ಕಾ, ನೀವ್ಯಾಕ ಬರಾಕ ಹೋದ್ರಿ. ಹೇಳಿ ಕಳಿಸಿದ್ರ ಮನಿಗೆ ಹೊಡ್ಕೊಂಡು ಬರ್ತಿದ್ದೆ."

"ಮನ್ಯಾಗ ಕೊಂಡ್ರ ಯಾರು ನೋಡ್ತಾರ?" ಎಂದಳು ದೊಡ್ಡವ್ವ. "ಟಾವೆಲ್ ಹಾಕು."

"ಅಕ್ಕಾ, ಹೆಣ್ಮಕ್ಕಳು ಟಾವೆಲ್ಲಿಗೆ ಕೈ ಹಾಕೂದಿಲ್ರಿ."

"ಹಿಂಡಾವರು ನಾವು, ಸಗಣಿ ಬಳಿಯಾವರು ನಾವು, ಕೊಳ್ಳೂವಾಗ ಗಂಡಸರು ಬೇಕೇನು? ಹಾಕೋ!"

ಸುತ್ತ ಜನ ಕೂಡಿದರು. ಯಾರೋ ಸೀಟಿ ಹೊಡೆದರು, ಯಾರೋ ಅವನನ್ನು ಗದರಿಸಿದರು. ಇಮಾಮಸಾಬರು ಟವೆಲು ಸರಿಪಡಿಸಿ ಕೈ ಚಾಚಿದರು. ದೊಡ್ಡವ್ವ ಬಳೆಗಳನ್ನು ಮೇಲಕ್ಕೆ ಏರಿಸಿ ಕೈ ಹಾಕಿದಳು. ಬಟ್ಟೆ ಒಂದು ಸಲ ಅಲುಗಿತು, ಮತ್ತೊಂದು ಸಲ ಅಲುಗಿತು. ಆಮೇಲೆ ಬಹಳ ಹೊತ್ತು ಅಲುಗಲಿಲ್ಲ. ದರದ ಮಾತು ಆಗಲೇ ಮುಗಿದಿತ್ತೆಂದು ನನಗೆ ಅನ್ನಿಸಿತು, ಆದರೂ ಇಬ್ಬರೂ ಕೈ ತೆಗೆದಿರಲಿಲ್ಲ.

"ಆತ್ರಿ ಅಕ್ಕಾ," ಎಂದರು ಇಮಾಮಸಾಬರು ಕೊನೆಗೆ, ಬೇರೆ ಕಡೆ ನೋಡುತ್ತ.

ದೊಡ್ಡವ್ವ ಎಮ್ಮೆಯ ಹಗ್ಗ ಬಿಚ್ಚಿಕೊಂಡು, ಅದನ್ನು ಜನರ ನಡುವಿನಿಂದಲೇ ನಡೆಸಿಕೊಂಡು ಹೊರಟಳು. ನಾನು ಹಿಂದೆ ಹೊರಟವಳು ನಿಂತು ತಿರುಗಿ ನೋಡಿದೆ. ಇಮಾಮಸಾಬರು ಟವೆಲು ಮಡಚಿರಲಿಲ್ಲ. ಕೈ ಮೇಲೆ ಹಾಗೆಯೇ ಹರಡಿಕೊಂಡು ಕುಳಿತಿದ್ದರು. ಜನ ಎಮ್ಮೆಗಳನ್ನು ನೋಡುತ್ತಿದ್ದರು, ಒಬ್ಬರನ್ನೊಬ್ಬರು ನೋಡುತ್ತಿದ್ದರು. ಕೊನೆಗೆ ಗುಂಪಿನೊಳಗಿಂದ ಎರೆಮಣ್ಣು ಮೆತ್ತಿದ ಯಾರದೋ ಒಂದು ಕೈ ಮುಂದೆ ಬಂದು ಟವೆಲಿನ ಕೆಳಗೆ ಹೋಯಿತು.